ಉಳಿದವರೆಲ್ಲ ದೇವರು ಆರಿಸಿದವರೇ?



ಕಳೆದ ತಿಂಗಳ ಯುವಕೂಟದಲ್ಲಿ ಪ್ಲಸ್ ಟು ಓದುವ ಹುಡುಗನೊಬ್ಬ ಕೇಳಿದ: "ಅಕ್ಕಾ, ಹಿಟ್ಲರನನ್ನು ಕೊಲ್ಲಲು ಅಷ್ಟು ಸಲ ಪ್ರಯತ್ನ ನಡೆದರೂ ಅವನು ಸಾಯಲಿಲ್ಲ. ಅವನನ್ನು ಕಾಪಾಡಿದ್ದು ಅದೃಷ್ಟವೋ, ದೇವರೋ?" ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಈಗ ತಿಳಿದಷ್ಟು ಬರೆಯುತ್ತೇನೆ.

1939ರ ನವೆಂಬರ್ 8. ಗಿಯೋರ್ಗ್ ಎಲ್ಸರ್ ಎಂಬ ಬಡಗಿ ಮೂವತ್ತಕ್ಕೂ ಹೆಚ್ಚು ರಾತ್ರಿ ಅಡಗಿ ಕೆಲಸ ಮಾಡಿ, ಮ್ಯೂನಿಕ್‌ನ ಸಭಾಂಗಣವೊಂದರ ಕಂಬದೊಳಗೆ ಬಾಂಬ್ ಇಟ್ಟಿದ್ದ. ಮಂಜಿನಿಂದಾಗಿ ವಿಮಾನದ ಬದಲು ರೈಲು ಹಿಡಿಯಬೇಕಾಗಿದ್ದ ಹಿಟ್ಲರ್ ಭಾಷಣ ಬೇಗ ಮುಗಿಸಿ 9.07ಕ್ಕೆ ಹೊರಟ. ಬಾಂಬ್ ಸಿಡಿದದ್ದು 9.20ಕ್ಕೆ. ಎಂಟು ಜನ ಸತ್ತರು. ಅವರಲ್ಲಿ ಅಲ್ಲಿ ಬಡಿಸುತ್ತಿದ್ದ ಹೆಂಗಸೂ ಒಬ್ಬಳು.

1944ರ ಜುಲೈ 20ರಂದು ಕಥೋಲಿಕ ಸೈನ್ಯಾಧಿಕಾರಿ ಸ್ಟೌಫೆನ್‌ಬರ್ಗ್ ಹಿಟ್ಲರನ ಮೇಜಿನ ಕೆಳಗೆ ಬಾಂಬಿನ ಚೀಲ ಇಟ್ಟು ಹೊರಬಂದರು. ಚೀಲ ಮೇಜಿನ ದಪ್ಪ ಕಾಲಿನ ಆಚೆಗೆ ಸರಿದಿತ್ತು. ನಾಲ್ವರು ಸತ್ತರು, ಹಿಟ್ಲರ್ ಉಳಿದ. ತನ್ನ ಕೆಲಸ ಮುಂದುವರಿಯಬೇಕೆಂದು ದೈವವೇ ಕೊಟ್ಟ ಸೂಚನೆ ಇದು ಎಂದು ಅದೇ ರಾತ್ರಿ ರೇಡಿಯೋದಲ್ಲಿ ಹೇಳಿಕೊಂಡ. ಹಾಗೆ ಹೇಳಿದವನು ಅವನೊಬ್ಬನೇ ಅಲ್ಲ. 1939ರಲ್ಲಿ ಅವನು ಪಾರಾದಾಗ ಮ್ಯೂನಿಕ್‌ನ ನಮ್ಮದೇ ಪ್ರಧಾನ ದೇವಾಲಯದಲ್ಲಿ ಕೃತಜ್ಞತಾ ಸ್ತುತಿ ಹಾಡಿದ್ದರು. ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು.

ಬಿ.ಎಸ್ಸಿ.ಯಲ್ಲಿ ಸಂಭವನೀಯತೆ ಕಲಿಸುವಾಗ ಒಂದು ಎಚ್ಚರಿಕೆ ಹೇಳುತ್ತಿದ್ದರು: ಗೆದ್ದವರನ್ನು ಮಾತ್ರ ಎಣಿಸಬೇಡಿ. ಹಿಟ್ಲರ್ ಉಳಿದದ್ದನ್ನು ನೆನೆಯುವ ನಾವು, ಅವನ ಆಪ್ತ ಹೈಡ್ರಿಕ್ 1942ರಲ್ಲಿ ಪ್ರಾಗ್‌ನಲ್ಲಿ ಅಂಥದೇ ದಾಳಿಯಿಂದ ಸತ್ತದ್ದನ್ನು ಮರೆಯುತ್ತೇವೆ. ಒಳ್ಳೆಯವರ ವಿಷಯದಲ್ಲೂ ಅಷ್ಟೇ. 1981ರಲ್ಲಿ ಗುಂಡೇಟು ತಿಂದು ಬದುಕಿದ ಸಂತ ಎರಡನೇ ಜಾನ್ ಪಾಲ್, ಮಾತೆ ಮರಿಯಮ್ಮನವರೇ ತಮ್ಮನ್ನು ಕಾಪಾಡಿದರೆಂದು ನಂಬಿದರು. ಅದರ ಹಿಂದಿನ ವರ್ಷವಷ್ಟೇ ಸಂತ ಆಸ್ಕರ್ ರೊಮೆರೋ ಬಲಿಪೂಜೆಯ ವೇಳೆಯಲ್ಲೇ ಗುಂಡಿಗೆ ಬಲಿಯಾದರು. ಹಾಗಾದರೆ ಮಾತೆ ಅವರ ಕೈಬಿಟ್ಟರೇ? ಇಲ್ಲ.

ಎಲ್ಲವೂ ಬರೀ ಅದೃಷ್ಟ ಎಂದೂ ನಾನು ಹೇಳಲಾರೆ. ದೇವರ ಪಾಲನೆ ಇದೆಯೆಂದ ಮಾತ್ರಕ್ಕೆ ಲೋಕದಲ್ಲಿ ಆಕಸ್ಮಿಕ ಎಂಬುದೇ ಇಲ್ಲವೆಂದಾಗದು ಎಂದು ಸಂತ ತೋಮಸ್ ಅಕ್ವಿನಾಸ್ ಕಲಿಸಿದರು. ಮಂಜು ತನ್ನ ನಿಯಮದಂತೆ ಕವಿಯುತ್ತದೆ. ಮನುಷ್ಯ ತನ್ನ ಇಷ್ಟದಂತೆ ಚೀಲ ಸರಿಸುತ್ತಾನೆ. ದೇವರು ಅದಕ್ಕೆ ಎಡೆಗೊಡುತ್ತಾರೆ. ಎಡೆಗೊಟ್ಟದ್ದೆಲ್ಲ ಮೆಚ್ಚಿದ್ದಲ್ಲ. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಪಾಪಿಗಳಲ್ಲ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದರು. ಶಿಲುಬೆಯ ಕೆಳಗೆ ನಿಂತವರು, ದೇವಪುತ್ರನಾದರೆ ಇಳಿದು ಬರಲಿ ಎಂದು ಅಣಕಿಸಿದರು. ಸ್ವಾಮಿ ಇಳಿಯಲಿಲ್ಲ. ಪ್ರಾಣ ಉಳಿಯುವುದೇ ದೇವರ ಮೆಚ್ಚುಗೆಯ ಗುರುತಾಗಿದ್ದರೆ, ಆ ಶುಕ್ರವಾರ ನಮ್ಮ ವಿಶ್ವಾಸವೇ ಮುಗಿದುಹೋಗುತ್ತಿತ್ತು.

ನಾನು ಡಿಗ್ರಿಯಲ್ಲಿದ್ದಾಗ ಘಾಟಿಯಲ್ಲಿ ನಮ್ಮ ಜೀಪು ಮಗುಚಿತು. ನಾನು ಉಳಿದೆ, ಪಕ್ಕದಲ್ಲಿ ಕುಳಿತಿದ್ದ ಗೆಳತಿ ಉಳಿಯಲಿಲ್ಲ. ಮುಂದಿನ ಭಾನುವಾರ ದೇವಾಲಯದಲ್ಲಿ ಎಲ್ಲರೂ ನನ್ನ ಕೈಹಿಡಿದು "ದೇವರು ನಿನ್ನನ್ನು ಕಾಪಾಡಿದರು" ಎಂದರು. ಮೂರನೇ ಬೆಂಚಿನಲ್ಲಿ ಅವಳ ಅಮ್ಮ ಕುಳಿತಿದ್ದರು. ಆ ಮಾತು ಅವರ ಕಿವಿಗೆ ಹೇಗೆ ಬಿದ್ದಿರಬಹುದು? ಅಂದಿನಿಂದ ನಾನು ದೇವರಿಗೆ ವಂದನೆ ಹೇಳುತ್ತೇನೆ, ಕಾರಣ ಹೇಳುವುದಿಲ್ಲ.

ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹಿಟ್ಲರ್ ಆ ಎರಡು ದಿನ ಉಳಿದದ್ದು ಮಂಜಿನಿಂದ, ಮೇಜಿನ ಕಾಲಿನಿಂದ. ಹನ್ನೆರಡು ವರ್ಷ ಆಳಿದ್ದು ಮಾತ್ರ ಅವನಿಗೆ ಕೈಮುಗಿದವರಿಂದ, ಬಾಯಿ ಮುಚ್ಚಿಕೊಂಡವರಿಂದ. ಅವರಲ್ಲಿ ಬಹುಪಾಲು ಜನ ನಮ್ಮಂತೆ ಸ್ನಾನದೀಕ್ಷೆ ಪಡೆದವರೇ. ದೇವರು ಅವನನ್ನೇಕೆ ಉಳಿಸಿದರು ಎಂದು ಕೇಳುವ ಮೊದಲು, ಅವರೇಕೆ ಸುಮ್ಮನಿದ್ದರು ಎಂದು ಕೇಳೋಣ. ನಾವಾಗಿದ್ದರೆ ಏನು ಮಾಡುತ್ತಿದ್ದೆವು ಎಂದೂ ಕೇಳಿಕೊಳ್ಳೋಣ.