ಕಾಗದ, ಶಾಯಿ ಮತ್ತು ಮುಖಾಮುಖಿ ಮಾತು



ಬಸವಕಲ್ಯಾಣ ತಾಲೂಕಿನ ಮಂಠಾಳದಂಥ ಊರುಗಳಿಂದ ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಹಿಂದೆ ಅವರ ಸುದ್ದಿ ಅಂಚೆಯಣ್ಣನ ಚೀಲದಲ್ಲಿ ಬರುತ್ತಿತ್ತು. ತಂತಿ ಬಂತೆಂದರೆ ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. ಆ ತಂತಿ ಸೇವೆ 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ನಿಂತುಹೋಯಿತು. ಹಳದಿ ಫಲಕದ ಎಸ್.ಟಿ.ಡಿ. ಬೂತುಗಳೂ ಒಂದೊಂದಾಗಿ ಬಾಗಿಲು ಹಾಕಿದವು. 2003ರಲ್ಲಿ ಒಳಬರುವ ಕರೆಗೆ ಹಣ ತೆರುವುದು ತಪ್ಪಿತಲ್ಲ, ಬಡವರ ಕೈಗೆ ಮೊಬೈಲು ಬರಲು ಹಾದಿಯಾದದ್ದು ಅದೇ.

ಇದನ್ನೆಲ್ಲ ಕಂಡು ಕಾಲ ಕೆಟ್ಟಿತು ಎಂದು ಉಪದೇಶ ಮಾಡುವವರುಂಟು. ನಾನು ಹಾಗೆ ಹೇಳಲಾರೆ. ಅಕ್ಷರ ಬಾರದ ತಾಯಿಯನ್ನು ನೆನೆಯಿರಿ. ಮಗನ ಪತ್ರವನ್ನು ಅಂಚೆಯಣ್ಣನೋ ಶಾಲೆಯ ಮಾಸ್ತರರೋ ಓದಿ ಹೇಳಬೇಕು. ಉತ್ತರವನ್ನೂ ಅವರೇ ಬರೆಯಬೇಕು. ಸೊಸೆಯೊಡನೆ ಮನಸ್ತಾಪ, ಸಾಲ ಕೊಟ್ಟವರ ಕಾಟ, ತನ್ನ ಮೈಯ ಬೇನೆ, ಇವನ್ನೆಲ್ಲ ಪರರೆದುರು ಆಡುವುದೆಂತು? ಎಲ್ಲರೂ ಕ್ಷೇಮ ಎಂದು ಬರೆಸಿ ಸುಮ್ಮನಾಗುತ್ತಿದ್ದಳು. ಇಂದು ಅವಳೇ ಅಂಗಳದ ಮೂಲೆಗೆ ಹೋಗಿ, ಫೋನು ಕಿವಿಗಿಟ್ಟು, ಮಗನೊಡನೆ ಮನಸ್ಸು ಹಗುರ ಮಾಡಿಕೊಳ್ಳುತ್ತಾಳೆ. ಇದು ದೇವರ ಕೃಪೆಯಲ್ಲದೆ ಮತ್ತೇನು?

ಪತ್ರವನ್ನು ಇನ್ನೊಬ್ಬರ ಕೈಯಿಂದ ಬರೆಸುವುದು ಸಂತ ಪೌಲರ ಕಾಲದಲ್ಲೂ ಇತ್ತು. ರೋಮನರಿಗೆ ಅವರು ಕಳಿಸಿದ ಪತ್ರವನ್ನು ಬರೆದುಕೊಂಡವನು ತೆರ್ತಿಯ. ಕೊನೆಯ ಅಧ್ಯಾಯದಲ್ಲಿ ತನ್ನ ಹೆಸರನ್ನೂ ಹೇಳಿ ವಂದನೆ ಸೇರಿಸಿದ್ದಾನೆ, ಪಾಪ! ಇನ್ನು 1951ರಲ್ಲಿ ಜಗದ್ಗುರು 12ನೇ ಪಿಯುಸ್‌ರವರು ಗಬ್ರಿಯೇಲ ದೂತರನ್ನು ದೂರಸಂಪರ್ಕದ ಪಾಲಕರೆಂದು ಸಾರಿದರು. ಹೀಗಿರುವಾಗ ಧರ್ಮಸಭೆ ತಂತಿಗೂ ಫೋನಿಗೂ ವೈರಿಯೆಂದು ಯಾರು ಹೇಳಿಯಾರು?

ಆದರೆ ಸಂತ ಯೊವಾನ್ನರ ಎರಡನೆಯ ಮತ್ತು ಮೂರನೆಯ ಪತ್ರಗಳನ್ನು ತೆರೆದು ನೋಡಿ. ಒಂದೊಂದು ಪುಟದಷ್ಟು ಚಿಕ್ಕವು. ಎರಡರ ಕೊನೆಗೂ ಅದೇ ಮಾತು ಬರುತ್ತದೆ: ಹೇಳಲು ಇನ್ನೂ ಬಹಳವಿದೆ, ಅದನ್ನು ಶಾಯಿಯಲ್ಲಿ ಬರೆಯಲು ಮನಸ್ಸಿಲ್ಲ, ಬಂದು ಎದುರಿಗೇ ಮಾತನಾಡುವ ಆಸೆಯಿದೆ ಎಂದು. ಪತ್ರ ಅವರಿಗೆ ತಾವು ಬರುವ ತನಕದ ಆಸರೆ.

ನಾವೋ, ಯುಪಿಐಯಲ್ಲಿ ಹಣ ಹೋಯಿತು, ತೆರೆಯ ಮೇಲೆ ಅವ್ವನ ಮುಖ ಕಂಡಿತು, ಇನ್ನು ಊರಿಗೆ ಹೋಗುವುದೇಕೆ ಎಂದು ಲೆಕ್ಕ ಹಾಕುತ್ತೇವೆ. ಮನಿಯಾರ್ಡರ್ ಫಾರಮಿನ ಕೆಳಗೆ ನಾಲ್ಕು ಮಾತು ಬರೆಯಲು ಜಾಗವಾದರೂ ಇತ್ತು. ಹಾಸಿಗೆ ಹಿಡಿದ ತಂದೆಗೆ ಫೋನಿನೊಳಗಿನ ಮಗ ಗುಟುಕು ನೀರು ಕುಡಿಸಲಾರ. ಇಂಟರ್ನೆಟ್ ಮೂಲಕ ಸಂಸ್ಕಾರಗಳನ್ನು ನೀಡಲಾಗದು ಎಂದು ವ್ಯಾಟಿಕನ್ 2002ರಲ್ಲೇ ಸ್ಪಷ್ಟಪಡಿಸಿದೆ. ರೋಗಿಯ ಹಣೆಗೆ ಪವಿತ್ರ ತೈಲ ಹಚ್ಚಲು ಗುರುಗಳು ಆ ಮನೆಯ ಹೊಸ್ತಿಲು ದಾಟಿ ಬರಬೇಕು. ಮಗನಿಗೆ ಮಾತ್ರ ವಿನಾಯಿತಿಯೇ?

ಮೂರನೆಯ ಪತ್ರ ಮುಗಿಯುವುದು ಗೆಳೆಯರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ವಂದಿಸಬೇಕೆಂಬ ಕೋರಿಕೆಯಿಂದ. ಬೆಳಗಾದರೆ ನೂರು ಜನಕ್ಕೆ ಒಂದೇ ಹೂವಿನ ಚಿತ್ರ ಕಳಿಸುವ ನಾವು, ಅವರಲ್ಲಿ ಎಷ್ಟು ಜನರನ್ನು ಹೆಸರು ಹಿಡಿದು ಮಾತನಾಡಿಸಿದ್ದೇವೆ? ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತು ಇದನ್ನು ಓದುತ್ತಿರುವ ತಮ್ಮಾ, ಈ ಸಲದ ಕ್ರಿಸ್ಮಸ್‌ಗೆ ರಜೆ ಕೇಳಿದೆಯಾ?