ಯಾರ ಪಾಲಿನ ತ್ಯಾಗ?

ಹೋದ ವರ್ಷ ಶ್ರಾವಣದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೀದರಿನ ನಮ್ಮ ಮನೆಗೆ ಬಂದಳು. ನಾನು ಔರಾದ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದಾಗ ಏಳನೆಯ ತರಗತಿಯಲ್ಲಿ ಓದುತ್ತಿದ್ದವಳು. ಆಮೇಲೆ ನರ್ಸಿಂಗ್ ಮುಗಿಸಿ, ಮಂಗಲಪೇಟೆಯ ಹುಡುಗನೊಬ್ಬನನ್ನು ಮದುವೆಯಾಗಿದ್ದಾಳೆ. ಗಂಡನಿಗೂ ಆಸ್ಪತ್ರೆಯಲ್ಲೇ ಕೆಲಸ. ಇಬ್ಬರೂ ಭಕ್ತಿವಂತ ಕ್ರೈಸ್ತರು. ಆಫ್ರಿಕಾದ ಒಂದು ಮಿಷನ್ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಸೇವೆ ಮಾಡಲು ಗಂಡಹೆಂಡಿರಿಬ್ಬರಿಗೂ ಕರೆ ಬಂದಿದೆಯಂತೆ. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಅಲ್ಲಿ ನರ್ಸುಗಳೇ ಇಲ್ಲವಂತೆ. ಹೋಗಬೇಕೆಂದು ಮನಸ್ಸು ಮಾಡಿದ್ದಾರೆ. ಐದು ವರ್ಷದ ಮಗಳನ್ನು ಭಾಲ್ಕಿಯಲ್ಲಿ ತವರುಮನೆಯಲ್ಲಿ ಬಿಟ್ಟು ಹೋಗುವುದೆಂದು ಮಾತಾಗಿದೆ.

"ನೀವೂ ನಿಮ್ಮ ಮಗಳನ್ನ ಬಿಟ್ಟೇ ನಮ್ಮೂರಿಗೆ ಬಂದಿದ್ರಿ ಟೀಚರ್. ಅದಕ್ಕೇ ನಾ ಇವತ್ತು ನರ್ಸ್ ಆಗೀನಿ. ನಾನೂ ಬಿಟ್ಟು ಹೋಗಲೇನ್ರಿ?" ಎಂದು ಕೇಳಿದಳು.

ಹೂಂ ಎನ್ನುತ್ತೇನೆಂದು ನಂಬಿಕೊಂಡೇ ಬಂದಿದ್ದಳು. ನಾನು ಚಹಾದ ಕಪ್ಪು ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟೆ.

ನನಗೆ ಆ ಹಳ್ಳಿಗೆ ಪೋಸ್ಟಿಂಗ್ ಆದದ್ದು 1996ರಲ್ಲಿ. ಮಗಳಿಗೆ ಆಗ ಮೂರು ವರ್ಷ. ಬೀದರದಿಂದ ಔರಾದಿಗೆ ಒಂದು ಬಸ್ಸು, ಅಲ್ಲಿಂದ ಹಳ್ಳಿಗೆ ಇನ್ನೊಂದು. ಎರಡನೆಯದು ತಪ್ಪಿದರೆ ಅಂದಿನ ಶಾಲೆಯೂ ತಪ್ಪಿದಂತೆ. ಹಳ್ಳಿಯಲ್ಲಿ ಡಾಕ್ಟರಿಲ್ಲ, ಮಳೆಗಾಲದಲ್ಲಿ ಸೋರದ ಕೋಣೆಯಿಲ್ಲ. ಮಗುವನ್ನು ಬೀದರದಲ್ಲಿ ನಮ್ಮ ಅವ್ವನ ಹತ್ತಿರ ಬಿಟ್ಟು, ಶನಿವಾರ ಬಂದು ಸೋಮವಾರ ನಸುಕಿನಲ್ಲೇ ಹೊರಡುತ್ತಿದ್ದೆ. ಹೀಗೆ ಏಳು ವರ್ಷ ಕಳೆದವು. ನಮ್ಮ ಯಜಮಾನರು ಬೀದರದಲ್ಲೇ ಇದ್ದರು, ಆದರೆ ಮಗು ಅವರ ಹತ್ತಿರ ಯಾಕಿಲ್ಲ ಎಂದು ಆ ಏಳು ವರ್ಷಗಳಲ್ಲಿ ಒಬ್ಬರೂ ಅವರನ್ನು ಕೇಳಲಿಲ್ಲ. ನನ್ನನ್ನು ಕೇಳದವರಿಲ್ಲ.

ಊರಿನವರು ಮಾತ್ರ ನನ್ನನ್ನು ಹೊಗಳುತ್ತಿದ್ದರು. ಸ್ವಂತ ಮಗಳನ್ನು ಬಿಟ್ಟು ನಮ್ಮ ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ ಎನ್ನುತ್ತಿದ್ದರು. ಆ ಮಾತು ಕೇಳಲು ಹಿತವಾಗಿತ್ತು, ಸುಳ್ಳು ಹೇಳಲಾರೆ.

ವಿದ್ಯಾರ್ಥಿನಿ ಹೋದ ಮೇಲೆ ನನಗೆ ನೆನಪಾದವರು ಕಿಟ್ಟೆಲ್. ಯಾಕೆ ಎನ್ನುತ್ತೀರಾ? ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವದ ಭಾಷಣ ಮಾಡುವ ಕೆಲಸ ಶಾಲೆಯಲ್ಲಿ ನನಗೇ ಬರುತ್ತದೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು, 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದರು, ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು 1894ರಲ್ಲಿ ಕನ್ನಡಿಗರ ಕೈಗಿತ್ತರು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅವರ ಹೆಂಡತಿಯ ಹೆಸರೇನು ಎಂದು ಮಕ್ಕಳೂ ಕೇಳಲಿಲ್ಲ, ನಾನೂ ಹುಡುಕಲಿಲ್ಲ. ಬಹಳ ತಡವಾಗಿ ಓದಿ ತಿಳಿದುಕೊಂಡೆ. ಪಾಲಿನ್ ಐತ್ ಎಂಬಾಕೆ 1860ರಲ್ಲಿ ಅವರನ್ನು ಮದುವೆಯಾಗಿ, ನಾಲ್ಕೇ ವರ್ಷಕ್ಕೆ, 1864ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡಳು. 1867ರಲ್ಲಿ ಆಕೆಯ ಒಡಹುಟ್ಟಿದ ಜೂಲಿಯೇ ಆ ಮನೆ ತುಂಬಿದಳು. ನಮ್ಮ ಕಡೆ ಅಕ್ಕ ಸತ್ತರೆ ಮಕ್ಕಳಿಗಾಗಿ ತಂಗಿಯನ್ನು ಕೊಡುವುದಿಲ್ಲವೇ, ಅದು ನೆನಪಾಯಿತು.

ಬಾಸೆಲ್ ಮಿಷನ್ನಿನ ಕಟ್ಟಳೆಗಳು ಬಿಗಿಯಾಗಿದ್ದವು. ಮಿಷನರಿ ಒಂಟಿಯಾಗಿ ಬರಬೇಕು. ಕೆಲವು ವರ್ಷ ದುಡಿದ ಮೇಲೆ ಬಾಸೆಲಿನ ಕಮಿಟಿ ಒಪ್ಪಿದರೆ ಮದುವೆ. ಎಷ್ಟೋ ಹುಡುಗಿಯರು ಮುಖವನ್ನೇ ನೋಡದ ವರನಿಗಾಗಿ ಹಡಗು ಹತ್ತಿ ಬಂದರು. ಹುಟ್ಟಿದ ಮಕ್ಕಳು ಆರೇಳು ವರ್ಷದವರಾಗುತ್ತಲೇ ಅವರನ್ನು ಯೂರೋಪಿಗೆ ಕಳಿಸುವುದು ವಾಡಿಕೆ. ಇಲ್ಲಿನ ಬಿಸಿಲು, ಕಾಲರಾ, ಜ್ವರಗಳ ಭಯ ಒಂದು ಕಡೆ. ಅಷ್ಟೊತ್ತಿಗೆ ಆಯಾಗಳ ಮಾತನ್ನೇ ತಾಯಿನುಡಿ ಮಾಡಿಕೊಂಡಿರುತ್ತಿದ್ದ ಮಕ್ಕಳು ಎಲ್ಲಿ ಇಲ್ಲಿಯವರೇ ಆಗಿಬಿಡುತ್ತಾರೋ ಎಂಬ ಭಯ ಇನ್ನೊಂದು ಕಡೆ. ಇಂಥ ಮಕ್ಕಳಿಗೆಂದೇ 1853ರಲ್ಲಿ ಬಾಸೆಲಿನಲ್ಲಿ ಮನೆಯೊಂದನ್ನು ತೆರೆದರು. ಆಗಿನ್ನೂ ಸೂಯೆಜ್ ಕಾಲುವೆ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಮಗುವಿಗೆ ಜ್ವರ ಬಂದ ಸುದ್ದಿ ತಾಯಿಗೆ ಮುಟ್ಟುವ ಹೊತ್ತಿಗೆ ಜ್ವರ ಬಿಟ್ಟಿರುತ್ತಿತ್ತು, ಇಲ್ಲವೇ ಮಗುವೇ ಇರುತ್ತಿರಲಿಲ್ಲ. ಈ ಕಟ್ಟಳೆ ಮಾಡಿದ ಕಮಿಟಿಯಲ್ಲಿದ್ದವರೆಲ್ಲ ಗಂಡಸರು.

ನನ್ನ ಮನಸ್ಸಿನಿಂದ ಹೋಗದೆ ನಿಂತದ್ದು ಗುಂಡರ್ಟರ ಸಂಸಾರ. ಹರ್ಮನ್ ಗುಂಡರ್ಟ್ ಮತ್ತು ಜೂಲಿ ದ್ಯುಬುವಾ 1838ರಲ್ಲಿ ಮದುವೆಯಾದರು. ಅದೇ ವರ್ಷ ಮಂಗಳೂರಿಗೆ ಬಂದು ಬಾಸೆಲ್ ಮಿಷನ್ ಸೇರಿ, ಮರುವರ್ಷ ತಲಶ್ಶೇರಿಯಲ್ಲಿ ನೆಲೆಸಿದರು. ಗಂಡ ಮಲಯಾಳಕ್ಕೆ ನಿಘಂಟು ಕಟ್ಟಿದ. ಹೆಂಡತಿ ಹೆಣ್ಣುಮಕ್ಕಳ ಶಾಲೆ ನಡೆಸಿದಳು, ಅನಾಥ ಹುಡುಗಿಯರನ್ನು ಮನೆಯಲ್ಲೇ ಇಟ್ಟುಕೊಂಡು ಸಾಕಿದಳು. ಅವರ ಮಗಳು ಮರೀ ಹುಟ್ಟಿದ್ದು 1842ರಲ್ಲಿ. 1846ರಲ್ಲಿ ಊರಿಗೆ ಹೋದ ದಂಪತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಮರಳಿದರು. ಮರೀಗೆ ಆಗ ನಾಲ್ಕರ ಆಸುಪಾಸು. ಅವಳು ಭಾರತಕ್ಕೆ ಮತ್ತೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ.

ಸ್ವಲ್ಪ ಯೋಚಿಸಿ ನೋಡಿ. ತಾಯಿ ಬೆಳಗಿನಿಂದ ಸಂಜೆಯವರೆಗೆ ಇಪ್ಪತ್ತು ಮೂವತ್ತು ಪರರ ಹೆಣ್ಣುಮಕ್ಕಳಿಗೆ ಹೊಲಿಗೆ, ಓದು, ಪ್ರಾರ್ಥನೆ ಕಲಿಸುತ್ತಾಳೆ. ಅವಳ ಮಗಳು ಏಳು ಸಮುದ್ರದ ಆಚೆ ಬೇರೆ ಯಾರದೋ ಶಾಲೆಯಲ್ಲಿ ಇನ್ಯಾರಿಂದಲೋ ಹೊಲಿಗೆ ಕಲಿಯುತ್ತಾಳೆ. ಜೂಲಿಯ ಶಾಲೆ ದೊಡ್ಡ ಉಪಕಾರವೇ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಬೀದರದಲ್ಲೂ ನಿಜಾಮರ ಕಾಲಕ್ಕೆ ಅಮೆರಿಕದ ಮೆಥೋಡಿಸ್ಟರು ಬಂದು, ಯಾರೂ ಶಾಲೆಯ ಹೊಸ್ತಿಲು ಹತ್ತಿಸದಿದ್ದ ದಲಿತರ ಮಕ್ಕಳ ಕೈಗೆ ಪಾಟಿ ಕೊಟ್ಟರು. ನಾರ್ಮಾ ಫೆಂಡ್ರಿಕ್ ಎಂಬ ಮಿಷನರಿ ಮಹಿಳೆಯ ಹೆಸರಿನ ಹೈಸ್ಕೂಲು ಇಂದಿಗೂ ಊರಿನಲ್ಲಿದೆ. ಧರ್ಮದ ಮಾತು ಬೇರೆ, ಪಾಟಿಯ ಮಾತು ಬೇರೆ. ನಾನು ಪಾಟಿಯ ಪಕ್ಷದವಳು. ದಕ್ಷಿಣ ಭಾರತದ ಅಮೆರಿಕನ್ ಮಿಷನರಿಗಳು 1901ರಲ್ಲಿ ತಮ್ಮ ಮಕ್ಕಳಿಗಾಗಿ ಕೊಡೈಕನಾಲಿನಲ್ಲಿ ಒಂದು ಶಾಲೆ ತೆರೆದರು. ಸಮುದ್ರದ ಬದಲು ಬೆಟ್ಟ ಬಂತು, ಅಗಲಿಕೆ ಉಳಿಯಿತು.

ಭಾಲ್ಕಿಯ ಚನ್ನಬಸವ ಪಟ್ಟದ್ದೇವರೂ ನೆನಪಾದರು. ಉರ್ದುವಿನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಎಂದು ನಮ್ಮ ಜಿಲ್ಲೆಯಲ್ಲಿ ಹೇಳುತ್ತಾರೆ. 1999ರಲ್ಲಿ ಲಿಂಗೈಕ್ಯರಾಗುವವರೆಗೂ ಊರ ಮಕ್ಕಳೆಲ್ಲ ಅವರ ಮಕ್ಕಳೇ. ಆದರೆ ಅವರು ಸನ್ಯಾಸಿ. ಬಿಟ್ಟದ್ದು ತಮ್ಮ ಪಾಲಿನ ಸುಖವನ್ನು. ಸನ್ಯಾಸಿ ಬಿಡುವುದಕ್ಕೂ ಸಂಸಾರಿ ಬಿಡುವುದಕ್ಕೂ ವ್ಯತ್ಯಾಸ ಇಲ್ಲೇ ಇದೆ ಎನ್ನಿಸಿತು. ನನ್ನ ಊಟ, ನನ್ನ ನಿದ್ದೆ, ನನ್ನ ಬಂಗಾರ ಇವನ್ನು ನಾನು ಯಾರಿಗಾದರೂ ಕೊಟ್ಟೇನು, ಅದು ತ್ಯಾಗ. ಆದರೆ ರಾತ್ರಿ ತಾಯಿಯ ಸೆರಗು ಹಿಡಿದು ಮಲಗುವುದು ಮಗುವಿನ ಪಾಲು. ಅದನ್ನು ತೆಗೆದು ಇನ್ನೊಬ್ಬರಿಗೆ ಕೊಟ್ಟು, ತ್ಯಾಗ ಮಾಡಿದವಳು ನಾನು ಎಂದು ಹೇಗೆ ಹೇಳಲಿ? ದೇವರ ಹೆಸರಲ್ಲಿ ಕೊಟ್ಟರೂ, ಸರಕಾರದ ಹೆಸರಲ್ಲಿ ಕೊಟ್ಟರೂ ಮಗುವಿಗೆ ಒಂದೇ.

ಹಾಗೆಂದು ಮರೀ ಸಿಟ್ಟು ಹಿಡಿದು ದೂರ ಹೋದವಳಲ್ಲ. ತಾನೂ ಮಿಷನರಿಯನ್ನೇ ಮದುವೆಯಾದಳು. ಆತ ತೀರಿಕೊಂಡ ಮೇಲೆ ಮತ್ತೆ ಕೈಹಿಡಿದದ್ದು ಮಂಗಳೂರಿನಲ್ಲಿ ಕೆಲಸ ಮಾಡಿ ಆರೋಗ್ಯ ಕೆಟ್ಟು ಮರಳಿದ್ದ ಯೋಹಾನೆಸ್ ಹೆಸ್ಸೆಯನ್ನು. ಅವರ ಮಗನೇ ಮುಂದೆ 'ಸಿದ್ಧಾರ್ಥ' ಬರೆದ, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ. ಆ ಕಾದಂಬರಿಯಲ್ಲಿ ತಂದೆಯನ್ನು ಬಿಟ್ಟು ಹೋದವನನ್ನು ಕಡೆಗೆ ಅವನ ಮಗನೂ ಬಿಟ್ಟು ಓಡುತ್ತಾನೆ. ತಾಯಿಯ ಬಾಲ್ಯದ ಕತೆ ಅದರೊಳಗೆ ಇಳಿದಿದೆಯೋ ಇಲ್ಲವೋ, ಪಂಡಿತರು ಹೇಳಲಿ. ನನಗಂತೂ ಅದನ್ನು ಓದುವಾಗ ನಾಲ್ಕು ವರ್ಷದ ಮರೀ ಕಣ್ಣ ಮುಂದೆ ಬರುತ್ತಾಳೆ.

ನನ್ನ ಮಗಳು ಕಾಲೇಜಿನಲ್ಲಿದ್ದಾಗ ಒಮ್ಮೆ ಹೇಳಿದ ಮಾತಿದೆ. "ನಿನ್ನ ಮ್ಯಾಲ ನನಗ ಸಿಟ್ಟಿಲ್ಲಮ್ಮಾ. ಆದ್ರ ನೀ ನನ್ನ ಒಂದ್ ಮಾತೂ ಕೇಳಲಿಲ್ಲ."

"ಮೂರು ವರ್ಷದ ಕೂಸಿಗೆ ಏನ್ ಕೇಳ್ಬೇಕವ್ವಾ?" ಎಂದೆ.

"ಆಮ್ಯಾಲರೆ ಹೇಳಬೇಕಿತ್ತಲ್ಲ. 'ನಿನ್ನ ಸಲುವಾಗಿ' ಅಂತಿದ್ದಿ. ನನ್ನ ಸಲುವಾಗಿ ಇರಲಿಲ್ಲ ಅದು."

ನಿಜವೇ. ನೌಕರಿ ಬೇಕಾಗಿತ್ತು. ಆ ಶಾಲೆಯೂ ನನಗೆ ಬೇಕಾಗಿತ್ತು. ಮಕ್ಕಳು 'ಟೀಚರ್' ಎಂದು ಬಸ್ಸಿನವರೆಗೆ ಓಡಿ ಬರುವುದು ಬೇಕಾಗಿತ್ತು. ಮನೆಯಲ್ಲಿ ಒಬ್ಬಳಿಗೆ ನಾನು ಬೇಕಾಗಿದ್ದೆ, ಅಲ್ಲಿ ನಲವತ್ತು ಮಂದಿಗೆ. ಈ ಲೆಕ್ಕದಲ್ಲಿ ನಲವತ್ತೇ ದೊಡ್ಡದು ಎಂದುಕೊಂಡಿದ್ದೆ. ಇವತ್ತು ಕೇಳಿದರೂ ಅದನ್ನು ಪೂರ್ತಿ ತಪ್ಪು ಎನ್ನಲಾರೆ. ನನ್ನ ಮುಂದೆ ಕೂತು ಚಹಾ ಕುಡಿದು ಹೋದ ಈ ನರ್ಸು ಆ ನಲವತ್ತರಲ್ಲಿ ಒಬ್ಬಳು. ಆದರೆ ಆ ಲೆಕ್ಕದಲ್ಲಿ ನಾನು ಮಗಳಿಗೆ ಸಾಲಗಾರಳು ಎಂಬುದನ್ನು ಬರೆದುಕೊಂಡಿರಲಿಲ್ಲ. ತ್ಯಾಗ ಎಂದು ಹೆಸರಿಟ್ಟರೆ ಸಾಲ ತೀರಿಸುವ ಚಿಂತೆಯೇ ಇರುವುದಿಲ್ಲ, ನೋಡಿ.

ಎರಡನೆಯ ಸಲ ಅವಳು ಮಗಳನ್ನೂ ಕರೆದುಕೊಂಡು ಬಂದಳು. ಹುಡುಗಿ ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡಾಡುತ್ತಿತ್ತು. ಸೇವೆ ಬೇಡ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ, ಹೋಗು ಎಂದು ಹೇಳುವ ಹಕ್ಕಿದೆ ಎಂದೂ ಅನ್ನಿಸಲಿಲ್ಲ. "ನನ್ನ ಕೇಳಬ್ಯಾಡ, ನನ್ನ ಮಗಳನ್ನ ಕೇಳು" ಎಂದು ಪುಣೆಯಲ್ಲಿರುವ ಮಗಳಿಗೆ ಫೋನ್ ಹಚ್ಚಿಕೊಟ್ಟೆ. ಫೋನ್ ತೆಗೆದುಕೊಂಡು ಮಾಳಿಗೆ ಹತ್ತಿದಳು. ನಾನು ಹುಡುಗಿಗೆ ರೊಟ್ಟಿ, ಬೆಲ್ಲ, ತುಪ್ಪ ಕೊಟ್ಟು ಕೂರಿಸಿದೆ. ಮೇಲೆ ಒಂದು ತಾಸು ಮಾತಾಯಿತು. ನಡುವೆ ಒಮ್ಮೆ ನಗುವ ಸದ್ದು ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ.

ಕೆಳಗಿಳಿದು ಬಂದವಳು ಮುಖ ತೊಳೆದುಕೊಂಡು, ಸಣ್ಣ ಮಕ್ಕಳ ಪಾಸ್‌ಪೋರ್ಟಿಗೆ ಏನೇನು ಕಾಗದಪತ್ರ ಬೇಕಾಗುತ್ತವೆ ಟೀಚರ್ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೆಡ್ ಪೋಸ್ಟ್ ಆಫೀಸಿನಲ್ಲಿ ವಿಚಾರಿಸು ಎಂದೆ.