ಬ್ರಹ್ಮಕಮಲ ಮತ್ತು ಶ್ರಾವಕನ ವಿವೇಕ

ಪೂಜೆಗೆ ಪುಷ್ಪ ಬೇಕು. ಆದರೆ ಪುಷ್ಪವು ದುರ್ಲಭವಾದಷ್ಟೂ ಪೂಜೆಯ ಫಲ ಹೆಚ್ಚುವುದೇ? ಹಿಮಾಲಯದ ಬ್ರಹ್ಮಕಮಲವು ಈ ಪ್ರಶ್ನೆಯನ್ನು ಭಕ್ತನ ಮುಂದಿಡುತ್ತದೆ.

ಕರ್ನಾಟಕದ ಮನೆಗಳಲ್ಲಿ ಬ್ರಹ್ಮಕಮಲವೆಂದು ಕರೆಯುವುದು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಬಿಳಿಯ ಹೂವನ್ನು. ಅದು ಮಧ್ಯ ಅಮೆರಿಕದ ಕಡೆಯಿಂದ ಬಂದ ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಅದು ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ್ದು. ಕೇದಾರನಾಥ, ಹೇಮಕುಂಡಗಳ ಸುತ್ತಿನ ಎತ್ತರದ ಪರ್ವತಗಳಲ್ಲಿ, ಮರಗಳೂ ಬೆಳೆಯದ ಸುಮಾರು 3,700ರಿಂದ 4,600 ಮೀಟರ್ ಎತ್ತರದ ಕಲ್ಲುನೆಲದಲ್ಲಿ, ಅದು ಜುಲೈನಿಂದ ಸೆಪ್ಟೆಂಬರ್‌ವರೆಗೆ ಅರಳುತ್ತದೆ. ನೋಡುವವರು ದಳಗಳೆಂದು ಭಾವಿಸುವುದು ಕಾಗದದಂತೆ ತೆಳುವಾದ, ತಿಳಿಹಳದಿ ಬೆರೆತ ಹಸಿರು ಹೊದಿಕೆಗಳನ್ನು. ನಿಜವಾದ ಹೂಗಳು ನೇರಳೆ ಬಣ್ಣದವು. ಚಳಿಗಾಳಿಗೆ ಸಿಲುಕದೆ ಆ ಹೊದಿಕೆಗಳೊಳಗೆ ಅಡಗಿರುತ್ತವೆ. 2000ದಲ್ಲಿ ಉದಯಿಸಿದ ಉತ್ತರಾಖಂಡ ರಾಜ್ಯದ ಪುಷ್ಪವೂ ಇದೇ.

ಅಲ್ಲಿನ ದೇವಾಲಯಗಳಲ್ಲಿ ಇದು ಪರಮ ಪವಿತ್ರವಾದ ಅರ್ಪಣೆ. ಆ ಪಾವಿತ್ರ್ಯವೇ ಇಂದು ಗಿಡಕ್ಕೆ ಮುಳುವಾಗಿದೆ. ಯಾತ್ರಿಕರು ಹೆಚ್ಚಿದಂತೆ ಕೀಳುವ ಕೈಗಳೂ ಹೆಚ್ಚಿದವು. ಬಾಡುವ ಹೂವನ್ನು ದೇವರಿಗೆ ಏರಿಸಿದರೆ ತಪ್ಪೇನೆಂದು ಕೇಳುವವರುಂಟು. ಅಂಗಳದ ಮಲ್ಲಿಗೆಗೆ ಆ ಮಾತು ಸಲ್ಲಬಹುದು. ಇಂದು ಬಿಡಿಸಿದ ಬಳ್ಳಿ ನಾಳೆ ಮತ್ತೆ ಮೊಗ್ಗು ತಳೆಯುತ್ತದೆ. ಹಿಮದ ನಾಡಿನ ಗಿಡಕ್ಕೆ ದೊರೆಯುವುದು ಕೆಲವೇ ತಿಂಗಳ ಅವಕಾಶ. ಬೀಜ ಬಲಿಯುವ ಮೊದಲೇ ಹೂವನ್ನು ಕಿತ್ತರೆ, ಆ ವರ್ಷದ ಸಂತತಿಯನ್ನೇ ಕಿತ್ತಂತೆ.

ವನಸ್ಪತಿಯು ಏಕೇಂದ್ರಿಯ ಜೀವವೆಂಬುದು ಜಿನಾಗಮದ ನಿಲುವು. ಗೃಹಸ್ಥನಾದ ಶ್ರಾವಕನಿಗೆ ಸ್ಥಾವರ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸುವುದು ಸಾಧ್ಯವಿಲ್ಲ. ಅದಕ್ಕಾಗಿಯೇ ಅನರ್ಥದಂಡ ವಿರತಿಯೆಂಬ ಗುಣವ್ರತವು ಅವನಿಗೆ ಮೇರೆಯನ್ನು ಹಾಕುತ್ತದೆ. ಪ್ರಯೋಜನವಿಲ್ಲದೆ ಗಿಡಬಳ್ಳಿಗಳನ್ನು ಕಡಿಯುವುದು ಪ್ರಮಾದವೆಂದು ಅದು ಎಣಿಸುತ್ತದೆ. ಪೂಜೆಯೇ ಪ್ರಯೋಜನವಲ್ಲವೆ ಎಂದರೆ, ಪುಷ್ಪಾರ್ಚನೆಯ ಸಂಕಲ್ಪವನ್ನು ನೆನೆಯಬೇಕು. ಅಷ್ಟದ್ರವ್ಯಗಳಲ್ಲಿ ಪುಷ್ಪವನ್ನು ಅರ್ಪಿಸುವುದು ಕಾಮವು ನಾಶವಾಗಲೆಂದು. ಯಾರಿಗೂ ಸಿಗದ ಹೂವು ತನಗೆ ಸಿಗಬೇಕೆಂಬ ಬಯಕೆಯಿಂದ ತಂದ ಪುಷ್ಪವು ಆ ಬಯಕೆಯನ್ನು ಹೇಗೆ ನಾಶಮಾಡೀತು? ಹೂವಿನ ಬದಲು ಕೇಸರಿ ಬೆರೆಸಿದ ಅಕ್ಕಿಯನ್ನೇ ಅರ್ಪಿಸುವ ದಿಗಂಬರ ಪರಂಪರೆಯೂ ಉಂಟು. ಅವರ ಪೂಜೆಯಲ್ಲಿ ಏನೂ ಕೊರತೆಯಾಗಿಲ್ಲ.

ಗಢವಾಲದ ಪರ್ವತವಾಸಿಗಳಲ್ಲಿಯೂ ಈ ವಿವೇಕವಿತ್ತು. ನಂದಾಷ್ಟಮಿಗೆ ಮೊದಲು ಬ್ರಹ್ಮಕಮಲವನ್ನು ಕೀಳಬಾರದೆಂಬುದು ಅಲ್ಲಿನ ಹಳ್ಳಿಗಳ ಕಟ್ಟು. ನಂದಾಷ್ಟಮಿಯೆಂದರೆ ಭಾದ್ರಪದ ಶುಕ್ಲ ಅಷ್ಟಮಿ. ಪಂಚಮಿಯಂದು ಆರಂಭವಾಗುವ ದಶಲಕ್ಷಣ ಪರ್ವದಲ್ಲಿ ಅದು ನಾಲ್ಕನೆಯ ದಿನ, ಉತ್ತಮ ಶೌಚದ ದಿನ. ಶೌಚವೆಂದರೆ ಲೋಭವನ್ನು ತೊಳೆಯುವುದು. ಬೇರೆ ಬೇರೆ ನಂಬಿಕೆಯ ಜನ ಒಂದೇ ತಿಥಿಯಲ್ಲಿ ಸಂಯಮದ ಪಾಠವನ್ನು ಕಂಡುಕೊಂಡದ್ದು ಸಂತೋಷದ ಸಂಗತಿ.

ಹಾಗಾದರೆ ಬೆಳೆಸಿ ಅರ್ಪಿಸಬಹುದಲ್ಲವೆ? ಬೀಜದಿಂದ ಸಸಿ ಮಾಡುವ ಯತ್ನಗಳು ಉತ್ತರಾಖಂಡದಲ್ಲಿ ನಡೆದಿವೆ, ಅವು ಶ್ಲಾಘನೀಯ. ಆದರೆ ಬಯಲುಸೀಮೆಯ ಬಿಸಿಲಿನಲ್ಲಿ ಆ ಗಿಡ ಬದುಕದು. ಪರ್ವತದಿಂದ ಬೇರುಸಹಿತ ಕಿತ್ತು ತಂದು ಕುಂಡದಲ್ಲಿ ನೆಡುವುದು ಕೃಷಿಯಲ್ಲ, ಹಿಂಸೆ. ಅತ್ತ, ಮನೆಯಂಗಳದ ಬ್ರಹ್ಮಕಮಲದ ಚಪ್ಪಟೆ ಕಾಂಡದ ಒಂದು ತುಂಡನ್ನು ಮಣ್ಣಿಗೆ ಊರಿದರೆ ಸಾಕು, ಬೇರು ಬಿಡುತ್ತದೆ. ನೆರೆಮನೆಗೆ ಕೊಟ್ಟರೆ ಕೊಟ್ಟವರಿಗೆ ನಷ್ಟವಿಲ್ಲ. ಮೊಗ್ಗು ಬಿರಿಯುವ ರಾತ್ರಿ ಮನೆಮಂದಿ, ನೆರೆಹೊರೆಯವರು ಕೂಡಿ ಕುಳಿತು ನೋಡುತ್ತಾರೆ, ಯಾರೂ ಕೀಳುವುದಿಲ್ಲ. ಕಣ್ಣಿನಿಂದ ಪಡೆದು ಕೈಯಿಂದ ಬಿಟ್ಟುಕೊಡುವ ಆ ಸಂತೋಷವು ಅಪರಿಗ್ರಹದ ಸುಲಭ ಅಭ್ಯಾಸವಲ್ಲವೆ?

ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ದಾರಿ ತೋರಬಲ್ಲವು. ಬಸದಿಯ ಬಳಿ ಮಲ್ಲಿಗೆ, ಸಂಪಿಗೆ, ಪಾರಿಜಾತಗಳ ತೋಟವಿರಲಿ. ಪೂಜೆಗೆ ಬೇಕಾದಷ್ಟನ್ನೇ ಬಿಡಿಸುವ ನಿಯಮವಿರಲಿ. ಹಿಮಾಲಯ ಯಾತ್ರೆಗೆ ಹೊರಟವರು ಬರಿಗೈಯಲ್ಲಿ ಹಿಂದಿರುಗಿದರೆ, ಅವರು ಪುಷ್ಪವನ್ನು ತರಲಿಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಕಲ್ಲಿನ ಸಂದಿನಲ್ಲಿ ಬೀಜಗಟ್ಟಲು ಉಳಿದ ಆ ಹೂವು ಜೀವದಯೆಯಿಂದ ಅರ್ಪಿತವಾದದ್ದೇ.